ಬಿದ್ದ ದಾಳ ಬೇಡವಂತೆ

ಚಿಂತಾಮಣಿಯ ಒಂದು ರೂಮಿಗೆ ಬೇಕರಿಯಿಂದ ಪಫ್ಸ್ ಕೊಡೋಕೆ ಹೋಗಿದ್ದೆ. ಕಾಲೇಜು ಅಣ್ಣಂದಿರು ಮೇಜಿನ ಸುತ್ತ ಕೂತು ಕಥೆ ಕಟ್ಟೋ ಆಟ ಆಡ್ತಿದ್ರು. ಒಬ್ಬೊಬ್ಬರಿಗೂ ಒಬ್ಬ ವೀರ. ದಾಳ ಹಾಕಿದಾಗ ಎಷ್ಟು ಬೀಳುತ್ತೋ, ವೀರನಿಗೆ ಅಷ್ಟೇ ಶಕ್ತಿ, ಅಷ್ಟೇ ಬುದ್ಧಿ.

"ಒಬ್ಬ ಕಮ್ಮಿ ಇದಾನೆ, ನೀನೂ ಬಾರೋ," ಅಂದ ಆಟ ನಡೆಸೋ ಕಿರಣಣ್ಣ. "ಬಿದ್ದಿದ್ದು ಬಿದ್ದಂಗೆ. ಆಮೇಲೆ ಅಳಬಾರದು."

ಹಾಕಿದೆ. ಆರರ ಮೇಲೆ ಆರು! ಹತ್ತನೇ ಕ್ಲಾಸಲ್ಲಿ ಡುಮ್ಕಿ ಹೊಡೆದೋನ ವೀರ ಅಲ್ಲಿದ್ದ ಎಲ್ಲರಿಗಿಂತ ಬಲಶಾಲಿ, ಎಲ್ಲರಿಗಿಂತ ಬುದ್ಧಿವಂತ. ಕಿರಣಣ್ಣನ ಮುಖ ಸಪ್ಪಗಾಯ್ತು.

"ಇದು ಸರಿಹೋಗಲ್ಲಪ್ಪ. ದಾಳ ಬೇಡ. ಎಲ್ಲರಿಗೂ ಸಮ ಪಾಯಿಂಟು ಕೊಡ್ತೀನಿ, ಶಕ್ತಿಗೆಷ್ಟು, ಬುದ್ಧಿಗೆಷ್ಟು ಅಂತ ಬೇಕಾದಂಗೆ ಹಂಚ್ಕೊಳ್ಳಿ."

ಮೈಯೆಲ್ಲ ಉರೀತು. "ನಂಗೆ ಬರೀ ಒಂದೊಂದೇ ಬಿದ್ದಿದ್ರೆ ಈ ನ್ಯಾಯ ಎಲ್ಲಿರ್ತಿತ್ತಣ್ಣ? ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ರೇಟು ಒಪ್ಕೊಂಡು ಆಮೇಲೆ ಮಾತು ತಿರುಗಿಸಿದ್ರೆ ಕಾಲರ್ ಹಿಡೀತಾರೆ, ಗೊತ್ತಾ?"

"ಬರೀ ಆಟ ಕಣೋ!" ಅಂತ ಎಲ್ಲರೂ ನಕ್ಕರು.

ಜನರನ್ನ ನಗಿಸೋದು ನನ್ನ ಚಾಳಿ. ಅವತ್ತು ಮಾತ್ರ ಆ ನಗು ಕೇಳಿ ರಕ್ತ ಕುದೀತು. ಪಫ್ಸ್ ಡಬ್ಬ ಕುಕ್ಕಿ ಎದ್ದುಬಂದೆ.

ಈಗ ನೋಡಿದ್ರೆ, ಆಟದಲ್ಲಿ ಬರೋ ರಾಕ್ಷಸನ ಜೊತೆ ಹೊಡೆದಾಡೋಕೂ ಅವರಿಗೆ ಅದೇ ದಾಳ ಬೇಕಂತೆ, ರೂಮೆಲ್ಲ ಹುಡುಕ್ತಿದಾರಂತೆ. ಬೇಡ ಅಂದಿದ್ದು ಅವರೇ ತಾನೇ? ನನ್ನ ಜೇಬಲ್ಲಿದೆ.