ಅತ್ತಿಗೆಯ ಜೊತೆ ಬಿಳೇಕಹಳ್ಳಿಗೆ

ಬೆಳಿಗ್ಗೆ ಎಂಟಕ್ಕೆ ನಾನು ಹನುಮಂತನಗರದ ಅಣ್ಣನ ಮನೆ ತಲುಪುವಷ್ಟರಲ್ಲಿ ವಿಮಲಾ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಬಳಿ ನಿಂತಿದ್ದರು. ತಲೆಗೆ ಹತ್ತಿಯ ಸ್ಕಾರ್ಫು, ಹೆಗಲಿಗೆ ಬಟ್ಟೆಯ ಚೀಲ. ಅದರಲ್ಲಿ ಆಸ್ಪತ್ರೆಯ ಫೈಲು ಮತ್ತು ಬಿಸಿನೀರಿನ ಫ್ಲಾಸ್ಕು. ಅಣ್ಣ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಒಳಗಿನಿಂದ ಬಂದ. "ನಾನೂ ಬರ್ತೀನಿ ಕಣೇ."

"ನೀವು ಬೇಡ," ಎಂದರು ಅತ್ತಿಗೆ. "ಹೋದ ಸಲ ನಿಮ್ಮ ಅಳು ನೋಡಿ ಆ ನರ್ಸು ನಿಮ್ಮನ್ನೇ ಮಲಗ್ಸಿ ಬಿ.ಪಿ. ನೋಡಿದ್ಲು. ಪದ್ದು ಬರ್ತಾಳೆ, ಸಾಕು."

ಪದ್ದು ಎಂದರೆ ನಾನು. ವಯಸ್ಸು ಐವತ್ತೆಂಟು, ಜೆ.ಪಿ. ನಗರದಲ್ಲಿ ವಾಸ. ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದಾಗ ನನಗೆ ಹದಿಮೂರು ವರ್ಷ, ಅಮ್ಮ ಆಗಲೇ ತೀರಿಕೊಂಡಿದ್ದರು. ಮೊದಲ ಸಲ ಮುಟ್ಟಾದಾಗ ಹೆದರಿ ಬಚ್ಚಲಲ್ಲಿ ಕೂತಿದ್ದ ನನ್ನನ್ನು ಬಾಗಿಲು ತಟ್ಟಿ ಕರೆದು, ಬಿಸಿ ಹಾಲು ಕೊಟ್ಟು, ಪಕ್ಕದಲ್ಲಿ ಕೂತು ಎಲ್ಲ ಹೇಳಿಕೊಟ್ಟವರು ಇವರು. ಅಣ್ಣ ಅತ್ತಿಗೆಗೆ ಮಕ್ಕಳಾಗಲಿಲ್ಲ. ಕೇಳಿದವರಿಗೆಲ್ಲ ಅತ್ತಿಗೆ, "ಪದ್ದು ಇದಾಳಲ್ಲ," ಎನ್ನುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಅವರಿಗೆ ಸ್ತನದ ಕ್ಯಾನ್ಸರ್ ಬಂದು ಆಪರೇಷನ್ ಆಗಿತ್ತು. ಹೋದ ವರ್ಷ ಅದೇ ಕಾಯಿಲೆ ಬೆನ್ನುಮೂಳೆಯಲ್ಲಿ ಕಾಣಿಸಿಕೊಂಡಿತು. ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿ ಕೊಡುವ ಹೊಸ ಔಷಧಿ ಶುರುವಾಗಿ ನಾಲ್ಕು ಸಲ ಆಗಿತ್ತು. ಅಂದು ಐದನೆಯದು. ಒಂದೊಂದಕ್ಕೂ ಲಕ್ಷದ ಮೇಲೆ ಖರ್ಚು; ವಿಮೆಯ ಹಣ ಮೂರನೆಯದಕ್ಕೇ ಮುಗಿದಿತ್ತು. ಅಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುವ ತನ್ನ ಅಂಗಡಿಯನ್ನು ಮಾರಲು ಗಿರಾಕಿ ಗೊತ್ತುಮಾಡಿಕೊಂಡಿದ್ದ. ಹಿಂದಿನ ದಿನ ನನಗೆ ಫೋನ್ ಮಾಡಿ, "ಅವಳೇನಾದ್ರೂ ಬೇಡ ಅಂದ್ರೆ ನೀನು ಒಪ್ಪಿಸ್ಬೇಕು ಪದ್ದು," ಎಂದಿದ್ದ. ನಾನು ಆಗಲಿ ಎಂದಿದ್ದೆ.

ಬಿಳೇಕಹಳ್ಳಿಯ ಆಸ್ಪತ್ರೆಗೆ ಆಟೋದಲ್ಲಿ ನೇರ ಹೋಗೋಣ ಎಂದರೆ ಅತ್ತಿಗೆ ಕೇಳಲಿಲ್ಲ. ಜಯನಗರದಲ್ಲಿ ತಿಂಡಿ ತಿಂದು ಹೋಗಬೇಕಂತೆ. ಬಸ್ಸು ಹತ್ತಿದೆವು. ಕಂಡಕ್ಟರ್ ನಮ್ಮ ಆಧಾರ್ ಕಾರ್ಡುಗಳನ್ನು ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. "ನೋಡೇ, ಇವತ್ತಿನ ಖರ್ಚಲ್ಲಿ ಇದೊಂದೇ ಫ್ರೀ," ಎಂದು ಅತ್ತಿಗೆ ಟಿಕೆಟನ್ನು ಫೈಲಿನೊಳಗೆ ಇಟ್ಟುಕೊಂಡರು. ಫೆಬ್ರವರಿಯ ಬಿಸಿಲು ಇನ್ನೂ ಹಿತವಾಗಿತ್ತು. ಸೌತ್ ಎಂಡ್ ದಾಟುವಾಗ ರಸ್ತೆಬದಿಯ ಮರಗಳು ಎಲೆ ಉದುರಿಸಿ ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿದ್ದವು. ಅತ್ತಿಗೆ ಕತ್ತು ಹೊರಳಿಸಿ, ಹಿಂದೆ ಸರಿದುಹೋಗುವ ತನಕ ಒಂದೊಂದು ಮರವನ್ನೂ ನೋಡಿದರು.

ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ಖಾಲಿ ದೋಸೆ ತರಿಸಿದೆವು. ಅತ್ತಿಗೆ ಒಂದು ಚೂರು ಬಾಯಿಗಿಟ್ಟು ಬಹಳ ಹೊತ್ತು ಜಗಿದರು.

"ಹೇಗಿದೆ ಅತ್ತಿಗೆ?"

"ಮೆತ್ತಗಿದೆ. ರುಚಿ ಏನೂ ಗೊತ್ತಾಗಲ್ಲ ಕಣೇ. ನೀನೇ ಹೇಳು ಹೇಗಿದೆ ಅಂತ."

ನಾನು ಹೇಳಿದೆ. ದೋಸೆಯ ಹಿಟ್ಟು ಸ್ವಲ್ಪ ಹುಳಿ ಬಂದಿದೆ, ಚಟ್ನಿಗೆ ಹಸಿಮೆಣಸಿನಕಾಯಿ ಜಾಸ್ತಿ ಆಗಿದೆ, ಸಾಗು ಪರವಾಗಿಲ್ಲ, ನೀವು ಮಾಡುವಷ್ಟು ಚೆನ್ನಾಗಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಆಮೇಲೆ ತಟ್ಟೆ ನನ್ನ ಕಡೆ ಸರಿಸಿ, "ಪದ್ದು, ಇವತ್ತು ನಾನು ಡ್ರಿಪ್ ಹಾಕಿಸ್ಕೊಳಲ್ಲ. ಇನ್ನು ಸಾಕು ಅಂತ ಡಾಕ್ಟ್ರಿಗೆ ಹೇಳ್ತೀನಿ," ಎಂದರು.

"ಅಂಗಡಿ ಉಳಿಸೋಕಾ?"

"ಅದೂ ಇದೆ. ಅರವತ್ತೆಂಟು ವರ್ಷದ ಮನುಷ್ಯ, ಅಂಗಡಿ ಹೋದ್ರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾರೆ?"

"ನಮ್ಮನ್ನ ಬಿಟ್ಟು ಹೋಗೋಕೆ ಅಷ್ಟು ಅವಸರಾನಾ ನಿಮಗೆ?" ನನ್ನ ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅತ್ತಿಗೆ ನೀರಿನ ಲೋಟ ಮುಂದಿಟ್ಟರು. "ಕುಡಿ. ಕೂಗಾಡಿದ್ರೆ ನಿಂಗೆ ಬಿಕ್ಕಳಿಕೆ ಬರತ್ತೆ." ಅಷ್ಟರಲ್ಲಿ ಬಂದೂಬಿಟ್ಟಿತ್ತು.

ಅಲ್ಲಿಂದ ಆಟೋ. ಐದಾರು ಕಿಲೋಮೀಟರಿಗೆ ನೂರ ನಲವತ್ತು ಕೇಳಿದ. ಚೌಕಾಸಿ ಮಾಡುವ ಮನಸ್ಸು ನನಗಿರಲಿಲ್ಲ. ತಿಲಕ್ ನಗರದ ಕಿರಿದಾದ ರಸ್ತೆಗಳಲ್ಲಿ ಅತ್ತಿಗೆ ಸೊಂಟ ಹಿಡಿದುಕೊಂಡದ್ದನ್ನು ಕನ್ನಡಿಯಲ್ಲಿ ಕಂಡು ಆಟೋದವನು, "ಬೆನ್ನು ನೋವಾ ಅಮ್ಮ? ಹಂಪ್ ಬಂದ್ರೆ ಸ್ಲೋ ಹೋಗ್ತೀನಿ ಬಿಡಿ," ಎಂದ. ಹಾಗೆಯೇ ಹೋದ. ಬನ್ನೇರುಘಟ್ಟ ರಸ್ತೆಗೆ ಬಂದ ಮೇಲೆ ಮೆಟ್ರೊ ಕಂಬಗಳ ಪಕ್ಕ ಇಪ್ಪತ್ತು ನಿಮಿಷ ನಿಂತೇ ಇದ್ದೆವು. ನಾನು ಮುಖ ತಿರುಗಿಸಿಕೊಂಡಿದ್ದೆ. ಅತ್ತಿಗೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಬೆರಳೆಲ್ಲ ಜೋಮು ಹಿಡಿದಿದೆ. ನಿನ್ನ ಕೈ ಹಿಡಿದಿದೀನಿ ಅಂತ ಕಣ್ಣಲ್ಲಿ ನೋಡಿದ್ರೇನೇ ಗೊತ್ತಾಗೋದು," ಎಂದರು.

ಈ ವಿಷಯ ಅವರು ನನಗೆ ಹೇಳಿಯೇ ಇರಲಿಲ್ಲ. ಅಣ್ಣನಿಗೂ ಹೇಳಿರಲಿಲ್ಲ. ಬಿಳೇಕಹಳ್ಳಿ ಬರುವವರೆಗೆ ಅವರ ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಕೂತೆ. ಒಪ್ಪಿಸುತ್ತೇನೆಂದು ಅಣ್ಣನಿಗೆ ಕೊಟ್ಟ ಮಾತು ನೆನಪಾಗುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಒಂದೂವರೆ ಗಂಟೆ ಕಾದ ಮೇಲೆ ಕರೆ ಬಂತು. ಡಾಕ್ಟರ್ ನಲವತ್ತರ ಆಸುಪಾಸಿನ ಹೆಂಗಸು. ನಾನೇ ಮೊದಲು ಬಾಯಿ ಹಾಕಿದೆ. "ನಿಲ್ಲಿಸ್ತೀನಿ ಅಂತಿದಾರೆ ಡಾಕ್ಟ್ರೇ. ನೀವೇ ಬುದ್ಧಿ ಹೇಳಿ."

ಅವರು ಪೆನ್ನು ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದರು. "ವಿಮಲಾ ಅವರೇ, ದುಡ್ಡಿಗೋಸ್ಕರಾನಾ? ಹಾಗಿದ್ರೆ ಹೇಳಿ. ಸಹಾಯ ಮಾಡೋ ಟ್ರಸ್ಟುಗಳಿವೆ, ಕೇಳೋಣ."

"ದುಡ್ಡೂ ಹೌದು ಮೇಡಂ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಯಾರಾದ್ರೂ ಪೂರ್ತಿ ಕೊಟ್ರೂ ನಾನು ಇದನ್ನೇ ಕೇಳ್ತಿದ್ದೆ. ಮೂರು ವಾರದಲ್ಲಿ ಎರಡು ವಾರ ಮಲಗೇ ಇರ್ತೀನಿ. ಎದ್ದು ಓಡಾಡೋಷ್ಟ್ರಲ್ಲಿ ಮುಂದಿನದು ಬರತ್ತೆ. ಇದರಿಂದ ವಾಸಿ ಆಗತ್ತಾ?"

"ವಾಸಿ ಆಗಲ್ಲ. ಹಿಡಿದಿಡಬಹುದು ಅಷ್ಟೇ. ಸ್ಕ್ಯಾನಲ್ಲಿ ಬೆಳೆದಿಲ್ಲ, ಕಮ್ಮೀನೂ ಆಗಿಲ್ಲ. ಎಷ್ಟು ದಿನ ಹೀಗೇ ಇರತ್ತೆ ಅಂತ ನನಗೂ ಗೊತ್ತಿಲ್ಲ."

"ಬಿಟ್ರೆ?"

"ಬೇಗ ಬೆಳೀಬಹುದು. ಅದನ್ನ ಮುಚ್ಚಿಡಲ್ಲ. ಹಾರ್ಮೋನ್ ಮಾತ್ರೆ ಕೊಡ್ತೀನಿ, ಇಷ್ಟು ಜೋರಾಗಿ ಕೆಲಸ ಮಾಡದೇ ಇರಬಹುದು, ಆದ್ರೆ ನಿಮ್ಮನ್ನ ಹೀಗೆ ಮಲಗಿಸಲ್ಲ. ಬೆನ್ನು ನೋವಿಗೆ ಬೇರೆ ಚಿಕಿತ್ಸೆ ಇದೆ. ಡ್ರಿಪ್ ಬೇಡ ಅಂದ ಮಾತ್ರಕ್ಕೆ ನಾನು ನಿಮ್ಮನ್ನ ಬಿಟ್ಟೆ ಅಂತಲ್ಲ. ತಿಂಗಳು ತಿಂಗಳು ಬರಬೇಕು."

ಅತ್ತಿಗೆ ನನ್ನ ಕಡೆ ನೋಡಿದರು. "ಪದ್ದು, ನೀನು ಹೂಂ ಅನ್ನು. ನೀನು ಹೂಂ ಅಂದ್ರೆ ನಿಮ್ಮಣ್ಣನಿಗೆ ಹೇಳೋಕೆ ಧೈರ್ಯ ಬರತ್ತೆ."

ಗೋಡೆಯ ಮೇಲಿನ ಎ.ಸಿ. ಗುಂಯ್‌ಗುಡುತ್ತಿತ್ತು. ಡಾಕ್ಟರ್ ಅವಸರ ಮಾಡಲಿಲ್ಲ. ನಾನು "ಹೂಂ" ಎಂದೆ. ಎರಡನೇ ಸಲ ಹೇಳಬೇಕಾಯಿತು, ಮೊದಲನೆಯದು ಅವರಿಗೆ ಕೇಳಿಸಿರಲಿಲ್ಲ.

ಮಾತ್ರೆ ಕೊಂಡು ಹೊರಗೆ ಬಂದಾಗ ಹನ್ನೆರಡೂವರೆಯ ಬಿಸಿಲು. ಬನಶಂಕರಿಯವರೆಗಿನ ಬಸ್ಸಿನಲ್ಲಿ ಅತ್ತಿಗೆ ನನ್ನ ಭುಜಕ್ಕೆ ತಲೆ ಇಟ್ಟು ಗೊರಕೆ ಹೊಡೆದು ನಿದ್ದೆ ಮಾಡಿದರು. ಅಳುವುದಕ್ಕೆ ನನಗೆ ಆಗ ಬಿಡುವಾಯಿತು. ಇಳಿಯುವ ಹೊತ್ತಿಗೆ ಮುಖ ಒರೆಸಿಕೊಂಡು ಅವರನ್ನು ಎಬ್ಬಿಸಿದೆ.

ಮನೆಯಲ್ಲಿ ಅಣ್ಣ ಅನ್ನ, ಸಾರು ಮಾಡಿಟ್ಟು ಕಾಯುತ್ತಿದ್ದ. ಡ್ರಿಪ್ ಹಾಕಿಸಿಕೊಂಡರೆ ಸಂಜೆಯಾಗುತ್ತಿತ್ತು. ನಾವು ಎರಡು ಗಂಟೆಗೇ ಬಂದದ್ದು ಕಂಡೇ ಅವನಿಗೆ ತಿಳಿಯಿತು. ತಟ್ಟೆ ಹಾಕಿದ. ಊಟದ ನಡುವೆ ಅತ್ತಿಗೆ ಎಲ್ಲವನ್ನೂ ಹೇಳಿದರು, ವಾಸಿಯಾಗುವುದಿಲ್ಲ ಎಂಬ ಮಾತನ್ನೂ ಬಿಡದೆ.

ಅಣ್ಣ ನನ್ನನ್ನು ನೋಡಿದ. "ನೀನೂ ಒಪ್ಪಿದ್ಯಾ?"

"ಒಪ್ಪಿದೆ ಅಣ್ಣ."

ಅವನು ಸೌಟು ಹಿಡಿದುಕೊಂಡೇ ಬಿಕ್ಕಿದ. ಅತ್ತಿಗೆ ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಇಟ್ಟುಕೊಂಡು, ಎಡಗೈಯಿಂದ ಅವನ ಬೆನ್ನು ಸವರುತ್ತಾ ಕೂತರು. ಸಾರು ಆರಿತು. ನಾನು ಎದ್ದು ಬಿಸಿ ಮಾಡಿ ತಂದೆ. ಮೂವರೂ ಊಟ ಮುಗಿಸಿದೆವು.

ಇದನ್ನು ಬರೆಯುವಾಗ ಏಳು ತಿಂಗಳಾಗಿದೆ. ಅತ್ತಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನೋವು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಹೋದ ತಿಂಗಳ ಸ್ಕ್ಯಾನಿನಲ್ಲಿ ಒಂದು ಹೊಸ ಚುಕ್ಕೆ ಕಂಡಿದೆ. ಅಂದು ನಾನು ಹೂಂ ಎಂದದ್ದು ಸರಿಯೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಒಂದೊಂದು ದಿನ ಒಂದೊಂದು ಥರ. ಅತ್ತಿಗೆ ಮಾತ್ರ ಆ ಮಾತನ್ನು ಮತ್ತೆ ಎತ್ತಿಲ್ಲ. ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು, ನನ್ನ ಅಡುಗೆಗೆ ಹೆಸರಿಟ್ಟು ಹೋಗಿದ್ದಾರೆ.

ಆಸ್ಪತ್ರೆಗೆ ಹೋಗಿಬಂದ ಆ ದಿನ ಸಂಜೆ ಐದು ಗಂಟೆಗೆ ನಾನು ಹೊರಟೆ. ಗೇಟಿನವರೆಗೆ ಇಬ್ಬರೂ ಬಂದರು. ರಸ್ತೆಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಣ್ಣ ಗೇಟಿಗೆ ಒರಗಿದ್ದ, ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಇನ್ನೂ ನಿಂತೇ ಇರುವುದನ್ನು ಕಂಡು ಬೀದಿಗೆಲ್ಲ ಕೇಳುವ ಹಾಗೆ ಗದರಿದರು: "ಏನು ನೋಡ್ತಾ ನಿಂತಿದ್ಯೇ? ಹೋಗು, ಬಸ್ಸು ಬಂತು!"

ಓಡಿದೆ.