ಆದೆಪ್ಪ ಜಗಿದ ಎಲೆಅಡಿಕೆ

ಕಲ್ಯಾಣಿಗೆ ಕೆಲಸ ಬಿಡಬೇಕು ಅನ್ನಿಸಿದ್ದು ಸಂಬಳಕ್ಕಲ್ಲ, ಮಗಳ ಒಂದು ಮಾತಿಗೆ.

ಆರು ವರ್ಷದ ಹನ್ವಿಕ ಕಲ್ಯಾಣದುರ್ಗದಲ್ಲಿ ಅಜ್ಜ ಆದೆಪ್ಪ, ಅಜ್ಜಿ ಕೊಂಡಮ್ಮನ ಹತ್ತಿರ ಬೆಳೆಯುತ್ತಿದ್ದಳು. ಕಲ್ಯಾಣಿ ಇದ್ದದ್ದು ಹಿಂದೂಪುರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. ಗಂಡ ಧರ್ಮೇಂದ್ರ ಲಾರಿ ಡ್ರೈವರು; ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದನೆಂದರೆ ಮತ್ತೆ ಮುಖ ಕಾಣಲು ಹದಿನೈದು ದಿನ. ಶನಿವಾರ ಸಂಜೆ ಬಸ್ಸು ಹತ್ತುವುದು, ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು, ಇದು ಕಲ್ಯಾಣಿಯ ತಾಯ್ತನ. ಒಂದು ಶನಿವಾರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಹುಡುಗಿ ಒಳಕ್ಕೆ ಕೂಗಿತು: "ಅಮ್ಮಾ, ಹಿಂದೂಪುರದಮ್ಮ ಬಂದವ್ಳೆ!"

ಒಳಗಿದ್ದ 'ಅಮ್ಮ' ಅಂದರೆ ಅಜ್ಜಿ. ಎಲ್ಲರೂ ನಕ್ಕರು. ಕಲ್ಯಾಣಿಯೂ ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅವಳು ಒಂಬತ್ತು ವರ್ಷ ದುಡಿದದ್ದು ಮಲ್ಲಿಕಾರ್ಜುನಪ್ಪನ ಆಫೀಸಿನಲ್ಲಿ. ನೂಲಿನ ಗಿರಣಿಗಳಿಗೆ, ರೇಷ್ಮೆ ಅಂಗಡಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಬರೆದುಕೊಡುವ ಹದಿಮೂರು ಜನರ ಆಫೀಸು ಅದು. ಎಲ್ಲಿ ಏನು ಕೆಟ್ಟರೂ ಫೋನು ಬರುತ್ತಿದ್ದದ್ದು ಕಲ್ಯಾಣಿಗೇ. ಮನೆಯಿಂದ ಕೆಲಸ ಮಾಡುತ್ತೇನೆ ಅಂತ ಮೂರು ಸಲ ಕೇಳಿದ್ದಳು. ಮೂರು ಸಲವೂ ಮಲ್ಲಿಕಾರ್ಜುನಪ್ಪ, "ಚೂಸ್ತಾಂಲೇಮ್ಮಾ, ನೋಡೋಣ" ಅಂದಿದ್ದ. ಅವನು ನೋಡೋಣ ಅಂದರೆ ನೋಡುವುದಿಲ್ಲ ಅಂತ ಅರ್ಥ, ಅದು ಆಫೀಸಿಗೆಲ್ಲ ಗೊತ್ತು.

ಆಗ ಸಿಕ್ಕಿದ್ದು ಹೈದರಾಬಾದಿನ ಕಂಪನಿಯೊಂದರ ಕೆಲಸ. ಪೂರ್ತಿ ಮನೆಯಿಂದಲೇ. ಕಲ್ಯಾಣದುರ್ಗದಲ್ಲಿ ಕೂತು ಮಾಡಬಹುದು, ಜೂನ್ ಹನ್ನೆರಡಕ್ಕೆ ಶಾಲೆ ತೆರೆದರೆ ಮಗಳ ಜಡೆ ತಾನೇ ಹೆಣೆದು ಕಳಿಸಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಫೋನಿನಲ್ಲಿ ಆ ಕಂಪನಿಯ ಶ್ರೀಲತಾ, "ನಿಮ್ಮ ನಿರೀಕ್ಷೆ ಎಷ್ಟು ಮೇಡಂ?" ಅಂತ ಕೇಳಿದಾಗ ಕಲ್ಯಾಣಿಗೆ ಅಪ್ಪ ಆದೆಪ್ಪ ದನದ ಸಂತೆಯಲ್ಲಿ ಹೇಳುತ್ತಿದ್ದ ಮಾತು ನೆನಪಾಯಿತು: ಮೊದಲು ಬಾಯಿ ಬಿಟ್ಟವನು ಸೋತ. "ನಿಮ್ಮಲ್ಲಿ ಈ ಕೆಲಸಕ್ಕೆ ಎಷ್ಟಿದೆ ಹೇಳಿ" ಅಂದಳು, ಅಂದು ಸುಮ್ಮನಾದಳು. ಆ ಕಡೆ ಬಾಯಿ ಬಿಟ್ಟರು. ಈಗಿನದಕ್ಕಿಂತ ಅರ್ಧ ಜಾಸ್ತಿ! ಆಫರ್ ಲೆಟರ್ ನಾಲ್ಕು ದಿನದಲ್ಲಿ ಬರುತ್ತದೆ ಅಂದರು.

ಅಲ್ಲಿಗೆ ಅಪ್ಪನ ಬುದ್ಧಿ ಸಾಕು ಅಂತ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಆದೆಪ್ಪ ಹುಡುಗನಾಗಿದ್ದಾಗ ಸೆಟ್ಟೂರಿನ ಒಬ್ಬ ಧಣಿಯ ಮನೆಯಲ್ಲಿ ವರ್ಷದ ಆಳು. ಅಲ್ಲಿ ಯುಗಾದಿಗೆ ಆಳು ಗೊತ್ತು ಮಾಡುವುದು. ಧಣಿ ಕೊಟ್ಟ ಎಲೆಅಡಿಕೆ ಜಗಿದರೆ ಒಪ್ಪಿದ ಹಾಗೆ, ಕಾಗದವೂ ಬೇಡ, ಸಾಕ್ಷಿಯೂ ಬೇಡ. ಹತ್ತು ವರ್ಷದ ಆದೆಪ್ಪನ ಬದಲಿಗೆ ಜಗಿದದ್ದು ಅವನ ಅಪ್ಪ. "ನನ್ನ ಒಂದ್ ಮಾತು ಕೇಳ್ನಿಲ್ಲ ಕಣಮ್ಮ, ಜಗ್ದುಬುಟ್ಟ. ಎಂಟು ವರ್ಸ ಕುರಿ ಹಿಂದೆ ಓಡ್ದೆ" ಅಂತ ಅವನು ಈಗಲೂ ಹೇಳುತ್ತಾನೆ. ಆ ಎಂಟು ವರ್ಷ ಅವನಿಗೆ ಕಲಿಸಿದ್ದು ಒಂದೇ ನ್ಯಾಯ. ಕಲ್ಯಾಣಿ ಹೊಸ ಕೆಲಸದ ಸುದ್ದಿ ಹೇಳಿದಾಗ ಅದನ್ನೇ ಹೇಳಿದ: "ಹೊಸಬ್ರ ಎಲೆ ಮುಟ್ಟೋಕ್ ಮುಂಚೆ ಹಳೇ ಧಣಿಗೆ ಹೇಳ್ಬುಡು. ಕದ್ದು ಹೋಗೋದು ಬ್ಯಾಡ. ಹಿಂದಿಂದೆ ಹೋದೋಳು ಅನ್ನಿಸ್ಕಬಾರ್ದು."

ಕಲ್ಯಾಣಿ ಏಪ್ರಿಲ್ ಹತ್ತಕ್ಕೆ, ಕೈಯಲ್ಲಿ ಲೆಟರ್ ಇಲ್ಲದೇ, ಮಲ್ಲಿಕಾರ್ಜುನಪ್ಪನ ಎದುರು ರಾಜೀನಾಮೆ ಇಟ್ಟಳು. ಈ ಕಾಲದಲ್ಲಿ ಯಾರಾದರೂ ಮಾಡುವ ಕೆಲಸವೇ ಅದು? ಪಕ್ಕದ ಕುರ್ಚಿಯ ರವಿತೇಜ ತಲೆ ತಲೆ ಚಚ್ಚಿಕೊಂಡ. "ಅಕ್ಕಾ, ಲೆಟರ್ ಬರೋಗಂಟ ತಡೀಬಾರ್ದಾಗಿತ್ತಾ?"

ಮಲ್ಲಿಕಾರ್ಜುನಪ್ಪ ಮೊದಲು, "ಒಳ್ಳೇದಾಗ್ಲಮ್ಮಾ" ಅಂದ. ಮಾರನೆಯ ದಿನ ಒಂಬತ್ತು ವರ್ಷದ ಹಿಂದೆ ಅವಳು ಸಹಿ ಹಾಕಿದ್ದ ಕಾಗದ ತೆಗೆದು ಮೇಜಿನ ಮೇಲಿಟ್ಟ. ನೋಟಿಸ್ ಪೀರಿಯಡ್ ತೊಂಬತ್ತು ದಿನ. ಅಂದರೆ ಜುಲೈ. ಅದಕ್ಕೆ ಮುಂಚೆ ಹೋದರೆ ರಿಲೀವಿಂಗ್ ಲೆಟರ್ ಇಲ್ಲ, ಅದಿಲ್ಲದೆ ಹೊಸ ಕಂಪನಿ ಒಳಗೆ ಬಿಡುವುದಿಲ್ಲ.

ಹೈದರಾಬಾದಿನವರೋ, "ನಲವತ್ತೈದು ದಿನ ಮೇಡಂ, ಅದಕ್ಕಿಂತ ಕಾಯೋಕೆ ಆಗಲ್ಲ" ಅಂದರು. ಕಲ್ಯಾಣಿ ಎರಡು ಕಲ್ಲಿನ ನಡುವೆ ಬಿದ್ದಳು. ಮಲ್ಲಿಕಾರ್ಜುನಪ್ಪನಿಗೆ, "ಅರವತ್ತು ದಿನದಲ್ಲಿ ಎಲ್ಲಾ ರವಿತೇಜನಿಗೆ ಕಲಿಸಿಕೊಡ್ತೀನಿ, ಉಳಿದ ಮೂವತ್ತು ದಿನದ ಸಂಬಳ ಹಿಡ್ಕೊಳ್ಳಿ ಸಾರ್" ಅಂದಳು. "ಚೂಸ್ತಾಂಲೇ" ಅಂದ. ಶ್ರೀಲತಾಗೆ, "ಜಾಯಿನಿಂಗ್ ಬೋನಸ್ ಬೇಡ, ಅದರ ಬದಲು ಹದಿನೈದು ದಿನ ಜಾಸ್ತಿ ಕೊಡಿ" ಅಂದಳು. "ಮೇಲಿನವರನ್ನ ಕೇಳ್ತೀನಿ" ಅಂದಳು ಆಕೆ. ಕೇಳಿದ ಸುದ್ದಿಯಿಲ್ಲ, ಹೇಳಿದ ಸುದ್ದಿಯಿಲ್ಲ. ಹತ್ತು ದಿನ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಇತ್ತ ಕೆಲಸವೂ ಹೋಗಿ ಅತ್ತ ಕೆಲಸವೂ ಸಿಗದಿದ್ದರೆ ಮಗಳಿಗೆ ಯಾವ ಮುಖ ತೋರಿಸುವುದು? ಅಪ್ಪನಿಗೆ ಫೋನಿನಲ್ಲಿ, "ನಿನ್ನ ಮಾತು ಕೇಳಿ ಕೆಟ್ಟೆ ಕಣಪ್ಪ" ಅಂತ ಅಂದುಬಿಟ್ಟಳು.

ಆ ಮಾತು ಆದೆಪ್ಪನಿಗೆ ನಾಟಿತು. ಮಗಳಿಗೆ ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೆ ಬಂದ. ಅವಳು ಒಂದು ಗಿರಣಿಗೆ ಕೆಲಸದ ಮೇಲೆ ಹೋಗಿದ್ದಳು. ಆದೆಪ್ಪ ನೇರವಾಗಿ ಮಲ್ಲಿಕಾರ್ಜುನಪ್ಪನ ಕೋಣೆಗೆ ಹೋಗಿ, ಧಣಿಯ ಮುಂದೆ ನಿಲ್ಲುವ ಹಾಗೆ ಹೆಗಲ ಟವೆಲ್ಲು ಕಂಕುಳಿಗಿಟ್ಟುಕೊಂಡು ನಿಂತ. ಮಲ್ಲಿಕಾರ್ಜುನಪ್ಪ ಚತುರ, ಈ ಕಡೆಯ ಮನುಷ್ಯರ ಮನಸ್ಸು ಬಲ್ಲವನು. ಕೂರಿಸಿದ, ಕಾಫಿ ಕೊಟ್ಟ, ಪೂಜೆಯ ತಟ್ಟೆಯಿಂದ ಎಲೆಅಡಿಕೆ ತೆಗೆದು ಕೊಟ್ಟ.

ಮಧ್ಯಾಹ್ನ ಕಲ್ಯಾಣಿ ವಾಪಸ್ಸು ಬಂದರೆ ಅಪ್ಪ ಗೇಟಿನ ಹತ್ತಿರ ಕಾಯುತ್ತಿದ್ದ, ಮುಖ ಅರಳಿಸಿಕೊಂಡು.

"ಒಪ್ಪುಸ್ಬುಟ್ಟೆ ಕಣಮ್ಮ! ರಾಜೀನಾಮೆ ಹರ್ದಾಕ್ತಾರಂತೆ. ಎಲ್ಡು ವರ್ಸ ಬಿಡಂಗಿಲ್ಲ ಅಂದ್ರು. ಆಯ್ತು ಸ್ವಾಮಿ ಅಂದೆ. ಕೆಲ್ಸ ಉಳೀತು."

ಅವನ ಬಾಯಿ ಕೆಂಪಗಿತ್ತು.

ಕಲ್ಯಾಣಿಯ ಕೈಯಲ್ಲಿ ಫೋನಿತ್ತು. ಶ್ರೀಲತಾಳ ಮೇಲ್ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ: ಬೋನಸ್ ಇಲ್ಲದೆ ಅರವತ್ತು ದಿನಕ್ಕೆ ಒಪ್ಪಿಗೆ, ಆಫರ್ ಲೆಟರ್ ಜೊತೆಗಿದೆ. ಖುಷಿಯಿಂದ ಓಡುತ್ತಾ ಬಂದಿದ್ದವಳು ಅಲ್ಲೇ ನಿಂತಳು.

"ಜಗಿದುಬಿಟ್ಯಾ?"

"ಊಂ. ಕೊಟ್ಟಾಗ ಬ್ಯಾಡ ಅನ್ನಕಾಯ್ತದಾ?"

"ನನ್ನ ಒಂದು ಮಾತು ಕೇಳಿದ್ಯಾ ಅಪ್ಪಾ? ನಿಮ್ಮಪ್ಪ ನಿನ್ನ ಕೇಳಿದ್ನಾ?"

ಆದೆಪ್ಪನ ದವಡೆ ನಿಂತಿತು. ಅರವತ್ತೆಂಟು ವರ್ಷದ ಮುದುಕ, ಕೆಂಪು ಬಾಯಿ ಅರ್ಧ ತೆರೆದುಕೊಂಡು ಮಗಳನ್ನೇ ನೋಡಿದ. ಚರಂಡಿಯ ಕಡೆ ಹೋಗಿ ಉಗಿದ. ಎಷ್ಟು ಉಗಿದರೂ ಕೆಂಪು ಹೋಗಲಿಲ್ಲ. ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು ಮತ್ತೆ ಒಳಕ್ಕೆ ಹೋದ. ಕಲ್ಯಾಣಿ ಹಿಂದೆಯೇ ಹೋದಳು.

ಇಡೀ ಆಫೀಸು ಕೇಳುವ ಹಾಗೆ ಆದೆಪ್ಪ ಹೇಳಿದ: "ಸ್ವಾಮಿ, ಎಲೆ ತಿಂದೋನು ನಾನು. ಅವ್ಳು ತಿಂದಿಲ್ಲ. ಎಲ್ಡು ವರ್ಸ ನಾನೇ ಇರ್ತೀನಿ, ಬಾಗ್ಲು ಕಾಯ್ತೀನಿ. ಅವ್ಳನ್ನ ಬುಟ್ಬುಡಿ."

ರವಿತೇಜ ಕೀಬೋರ್ಡಿನ ಮೇಲಿಂದ ಕೈ ತೆಗೆದ. ಮಲ್ಲಿಕಾರ್ಜುನಪ್ಪ ನಗಲು ನೋಡಿದ, ಆಗಲಿಲ್ಲ. ಹನ್ನೆರಡು ಜನ ತನ್ನನ್ನೇ ನೋಡುತ್ತಿದ್ದರು, ಅದರಲ್ಲಿ ಅರ್ಧ ಜನರ ಅಪ್ಪಂದಿರು ಇಂಥದೇ ಟವೆಲ್ಲಿನವರು. "ಅಯ್ಯೋ, ಏಂದಿ ಇದಿ, ಏನಿದು! ಆಯ್ತು ಪೆದ್ದಾಯನಾ, ದೊಡ್ಡೋರು ನೀವು, ಅರವತ್ತು ದಿನಕ್ಕೆ ಬಿಡ್ತೀನಿ. ನೀವು ಊರಿಗೆ ಹೋಗಿ" ಅಂದ. ಅವನು ಕರುಣೆಯಿಂದ ಅಂದನೋ ಮಾನಕ್ಕೆ ಹೆದರಿ ಅಂದನೋ ದೇವರಿಗೇ ಗೊತ್ತು. ಕಲ್ಯಾಣಿ ಅಲ್ಲೇ ನಿಂತು ಅದನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡಳು. ಅಷ್ಟು ಬುದ್ಧಿ ಬಂದಿತ್ತು.

ಆದರೆ ಆದೆಪ್ಪ ಊರಿಗೆ ಹೋಗಲಿಲ್ಲ. "ನೀನು ಬಿಡೋಗಂಟ ನಾನೂ ಬಿಡಕಾಗಲ್ಲ. ತಿಂದಿದ್ ಋಣ" ಅಂದ. ಮಗಳು ಬೈದಳು, ಬೇಡಿಕೊಂಡಳು, ನಾಲ್ಕು ದಿನ ಮಾತು ಬಿಟ್ಟಳು. ಅಪ್ಪ ಜಪ್ಪಯ್ಯ ಅನ್ನಲಿಲ್ಲ. ದಿನಾ ಬೆಳಿಗ್ಗೆ ಅವಳ ಹಿಂದೆ ಬಂದು ಗೇಟಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದ. ಬಿಸಿಲಿನಲ್ಲಿ ಮುದುಕ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು, ಕಲ್ಯಾಣಿ ಆ ಕಡೆ ನೋಡದಂತೆ ಕುರ್ಚಿ ತಿರುಗಿಸಿಕೊಂಡಳು. ಮೊದಮೊದಲು ಮುಜುಗರಪಡುತ್ತಿದ್ದ ಮಲ್ಲಿಕಾರ್ಜುನಪ್ಪನಿಗೂ ಅಭ್ಯಾಸವಾಯಿತು. ತಿಂಗಳು ಕಳೆಯುವಷ್ಟರಲ್ಲಿ, "ಆದೆಪ್ಪಾ, ಗೇಟ್ ತೆಗಿ" ಅನ್ನುತ್ತಿದ್ದ. ಇವನು ಎದ್ದು ತೆಗೆಯುತ್ತಿದ್ದ.

ಜೂನ್ ಒಂಬತ್ತನೇ ತಾರೀಕು ಸಂಜೆ ರಿಲೀವಿಂಗ್ ಲೆಟರ್ ಕೈಗೆ ಬಂತು. ಬ್ಯಾಗು ಹೆಗಲಿಗೇರಿಸಿ ಕಲ್ಯಾಣಿ ಗೇಟಿಗೆ ಬಂದರೆ, ಮಲ್ಲಿಕಾರ್ಜುನಪ್ಪ ಕಾರಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದ. ಅವನೆದುರು ಆದೆಪ್ಪ, ಟವೆಲ್ಲು ತೆಗೆದು ಕಂಕುಳಿಗೆ ಇಟ್ಟುಕೊಂಡು.

"ಸ್ವಾಮಿ, ನಾನೂ ಹೋಗ್ಲಾ?"

ಮಲ್ಲಿಕಾರ್ಜುನಪ್ಪ ಫೋನು ಕಿವಿಯಲ್ಲೇ ಇಟ್ಟುಕೊಂಡು, ಒಂದು ನಿಮಿಷ ಇರು ಅಂತ ಬೆರಳೆತ್ತಿದ. ಆದೆಪ್ಪ ನಿಂತ. ಸೆಟ್ಟೂರಿನ ಅಂಗಳದಲ್ಲಿ ಹತ್ತು ವರ್ಷದ ಹುಡುಗ ನಿಂತಿದ್ದದ್ದೂ ಹೀಗೇ ಇರಬೇಕು ಅಂತ ಕಲ್ಯಾಣಿಗೆ ಆಗ ಕಂಡಿತು. ಹೋಗಿ ಅಪ್ಪನ ಕಂಕುಳಿನಿಂದ ಟವೆಲ್ಲು ಎಳೆದಳು, ಅವನ ಹೆಗಲ ಮೇಲೆ ಹಾಕಿದಳು.

"ಯಾರನ್ನೂ ಕೇಳ್ಬ್ಯಾಡ ಕಣಪ್ಪ. ನಡಿ. ಹನ್ವಿಕ ಕಾಯ್ತವ್ಳೆ."

ಆದೆಪ್ಪ ಒಂದು ಸಲ ಹಿಂದಕ್ಕೆ ನೋಡಿದ. ಬೆರಳು ಇನ್ನೂ ಎತ್ತಿಯೇ ಇತ್ತು. ಗೇಟು ತೆಗೆದು ಮಗಳನ್ನು ಮುಂದೆ ಬಿಟ್ಟ, ತಾನೂ ದಾಟಿದ, ತಿರುಗಿ ಮುಚ್ಚಲು ಹೋದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.