ಫೋಟೋದೊಳಗಿನ ಹುಲಿ

ಎಂಬತ್ತರ ದಶಕದ ಕೊನೆ. ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಸರ್, ಕಂಪ್ಯೂಟರಿನಿಂದ ಚಿತ್ರಗಳನ್ನು ಪರಿಶೀಲಿಸುವ ಡಿಜಿಟಲ್ ಇಮೇಜ್ ಪ್ರೊಸೆಸಿಂಗ್ ಎಂಬ ಹೊಸ ವಿಷಯ ಶುರುಮಾಡಲು ಹೊರಟಿದ್ದರು. ಹತ್ತು ಮಂದಿಯಾದರೂ ಸೇರದಿದ್ದರೆ ಅದು ರದ್ದು. ಏನೇ ಕೇಳಿದರೂ ಅವರು ಮೊದಲು ಕನ್ನಡಕ ಒರೆಸಿಕೊಂಡು, “ಕಂಡಷ್ಟ ಹೇಳೂಣು” ಎನ್ನುತ್ತಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಅದು ಜಾರಿಕೊಳ್ಳುವ ಮಾತೆನಿಸುತ್ತಿತ್ತು.

ಪರಿಚಯದ ತರಗತಿಗೆ ಖಾನಾಪುರದ ಗೆಳೆಯನೊಬ್ಬ ಕಾಡಿನಲ್ಲಿ ತಾನೇ ತೆಗೆದ ಮಸುಕಾದ ಫೋಟೋ ತಂದ. ಅವನು ಅಲ್ಲಿ ಹುಲಿ ಕಂಡದ್ದನ್ನು ಊರಲ್ಲಿ ಯಾರೂ ನಂಬಿರಲಿಲ್ಲ.

“ಇದರಾಗ ಹುಲಿ ಐತಿ ಅಂತ ಕಂಪ್ಯೂಟರ್ ತೋರಸ್ತೈತೇನ್ರಿ ಸರ್?”

ತುಂಬಿದ ಕೋಣೆ ‘ಹೌದು’ ಕೇಳಲು ಕಾದಿತ್ತು. ಸರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಕಂಡಷ್ಟ ಹೇಳೂಣು. ಕಂಪ್ಯೂಟರಿಗೆ ಚಿತ್ರ ಅಂದ್ರ ಚುಕ್ಕಿ. ನೀ ಹುಲಿ ಅನ್ನೂ ಜಾಗಾದಾಗ ನಾಕೈದು ಬೂದಿಬಣ್ಣದ ಚುಕ್ಕಿ ಅದಾವು. ಅವನ್ನ ದೊಡ್ಡದು ಮಾಡಬಹುದು, ಹುಲಿ ಮಾಡಾಕ ಬರೂದಿಲ್ಲ.”

“ಹಂಗಾರ ಇದನ್ನ ಕಲತು ಏನ್ ಮಾಡೂದ್ರಿ?” ನಾನು ಕೆಣಕಿದೆ.

“ಎಷ್ಟ ಚುಕ್ಕಿ ಇದ್ರ ಹುಲಿ ಅನಬಹುದು, ಅದನ್ನ ಕಲಿಯೂದು.”

ಎಲ್ಲರೂ ನಕ್ಕರು. ಗೆಳೆಯ ಮಾತ್ರ ಗೊಣಗಿದ, “ಹುಲಿ ಖರೇನ ಇತ್ರಿ.”

“ನಾ ಇಲ್ಲ ಅನ್ನಲಿಲ್ಲೋ ತಮ್ಮಾ. ಫೋಟೋ ಹೂಂ ಅನವಲ್ದು.”

ಕೊನೆಗೆ ಹೆಸರು ಕೊಟ್ಟವರು ಇಬ್ಬರೇ: ಹುಲಿ ಕಂಡಿದ್ದ ಅವನು ಮತ್ತು ಕೆಣಕಿದ್ದ ನಾನು. ವಿಷಯ ರದ್ದಾಯಿತು.